ಮೈಸೂರು ದಾರಿಯಲ್ಲೇ ಇದೆಯೇ?

ಪ್ರವಾಸದ ಮಾತೆತ್ತಿದರೆ ಸಾಕು, ಮಕ್ಕಳ ಮುಖ ಅರಳುತ್ತದೆ. ಈ ವರ್ಷ ನಮ್ಮ ಶಾಲೆಯ ಒಂಬತ್ತು ಮತ್ತು ಹತ್ತನೆಯ ತರಗತಿಗಳ ಮಕ್ಕಳನ್ನು ಎರಡು ದಿನಗಳ ಮಟ್ಟಿಗೆ ಶ್ರವಣಬೆಳಗೊಳ, ಬೇಲೂರು, ಹಳೇಬೀಡುಗಳಿಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಆ ಸುದ್ದಿ ತಿಳಿಸಿದ ದಿನವೇ ತರಗತಿಯ ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು: "ಸಾರ್, ಮೈಸೂರು ದಾರಿಯಲ್ಲೇ ಇದೆಯಲ್ಲ, ಅರ್ಧ ದಿನ ನಿಂತು ಬರಬಹುದಲ್ಲ?" ಕೈ ಎತ್ತಿಸಿ ಕೇಳಿದೆವು. ಎತ್ತದ ಕೈ ಒಂದೂ ಇರಲಿಲ್ಲ. ಪ್ರವಾಸ ಸಮಿತಿಯಲ್ಲಿದ್ದ ನಾವು ನಾಲ್ವರಲ್ಲಿ ಇಬ್ಬರು ಮನಸ್ಸಿನಲ್ಲೇ ಆಗಲೇ ಕೈ ಎತ್ತಿಯಾಗಿತ್ತು.

ಈ ಒಂದು ಪ್ರಶ್ನೆಯನ್ನು ಬಗೆಹರಿಸಲು ನಮಗೆ ಮೂರು ವಾರ ಹಿಡಿಯಿತು. ಕೆಲವು ಪೋಷಕರು "ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಸಭೆಯೇ?" ಎಂದು ನಕ್ಕದ್ದೂ ಉಂಟು. ಮುಂದೆ ನಿಮ್ಮಲ್ಲಿ ಹಲವರು ಕುಟುಂಬದೊಡನೆಯೋ ಗೆಳೆಯರೊಡನೆಯೋ ಇಂಥ ಪ್ರವಾಸ ಕೈಗೊಳ್ಳುವಿರಿ. ಆಗಲೂ ಯಾರಾದರೊಬ್ಬರು ಇದೇ ಪ್ರಶ್ನೆಯನ್ನು ಎತ್ತದೆ ಇರುವುದಿಲ್ಲ. ಆದ್ದರಿಂದ ನಾವು ಹೇಗೆ ಲೆಕ್ಕ ಹಾಕಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಮೈಸೂರು ದಾರಿಯಲ್ಲಿದೆಯೇ? ಭೂಪಟವನ್ನು ಮೇಜಿನ ಮೇಲೆ ಹರಡಿ ನೋಡಿದೆವು. ಮತ್ತಿಗಿರಿಯಿಂದ ಬೆಂಗಳೂರು, ನೆಲಮಂಗಲ, ಕುಣಿಗಲ್ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಸುಮಾರು 190 ಕಿಲೋಮೀಟರ್. ಮೈಸೂರಿನ ಮೇಲೆ ಹೋದರೆ ಮೈಸೂರಿಗೇ ಸುಮಾರು 180, ಅಲ್ಲಿಂದ ಬೆಳಗೊಳಕ್ಕೆ ಇನ್ನೂ 85. ಹಳೇಬೀಡಿನಿಂದ ಹಿಂದಿರುಗುವಾಗ ಮೈಸೂರನ್ನು ಸೇರಿಸಿದರೂ ಹೆಚ್ಚು ಕಡಿಮೆ ಅಷ್ಟೇ ಸುತ್ತು. ಅಂದರೆ ಮೈಸೂರು ದಾರಿಯಲ್ಲಿಲ್ಲ; ದಾರಿಯ ಪಕ್ಕದಲ್ಲಿದೆ. ಪಕ್ಕದಲ್ಲಿರುವುದನ್ನು ದಾರಿಯಲ್ಲಿದೆ ಎಂದು ಕರೆಯುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ.

ಎರಡನೆಯ ಪ್ರಶ್ನೆ, ನಾವು ಹೊರಟಿರುವುದು ಯಾತಕ್ಕೆ? ಇದಕ್ಕೆ ನಮ್ಮಲ್ಲಿ ಸ್ಪಷ್ಟವಾದ ಉತ್ತರವಿತ್ತು. ಹೊಯ್ಸಳರು ನಮಗೆ ಪಠ್ಯಪುಸ್ತಕದಲ್ಲಿ ಮಾತ್ರ ಇರುವವರಲ್ಲ. 13ನೆಯ ಶತಮಾನದಲ್ಲಿ ಸೋಮೇಶ್ವರನ ಮಕ್ಕಳ ಕಾಲಕ್ಕೆ ರಾಜ್ಯ ಇಬ್ಭಾಗವಾಯಿತು. ಮೂರನೆಯ ನರಸಿಂಹನು ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ ಉಳಿದನು. ರಾಮನಾಥನು ಶ್ರೀರಂಗದ ಬಳಿಯ ಕಣ್ಣನೂರಿನಿಂದ ತಮಿಳು ಸೀಮೆಯನ್ನು ಆಳಿದನು. ಪಾಂಡ್ಯರ ಕೈಯಲ್ಲಿ ಅದನ್ನು ಕಳೆದುಕೊಂಡ ಮೇಲೆ ಆತ ಬಂದು ನೆಲೆಸಿದ್ದು ನಮ್ಮ ಜಿಲ್ಲೆಯ ಕುಂದಾಣಿಯಲ್ಲಿ. ತಮ್ಮನ ಸೀಮೆಯಿಂದ ಹೊರಟು ಅಣ್ಣನ ರಾಜಧಾನಿಯನ್ನು ನೋಡಿ ಬರುವ ಪ್ರವಾಸ ಇದು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ನಮ್ಮ ಆಯ್ಕೆಗೆ ಇನ್ನೊಂದು ಕಾರಣ. ಆದ್ದರಿಂದ ಏನನ್ನು ಕಡಿಮೆ ಮಾಡಿದರೂ ಹಳೇಬೀಡನ್ನು ಕಡಿಮೆ ಮಾಡಬಾರದೆಂಬ ಒಂದು ಮಾತನ್ನು ಮೊದಲೇ ಬರೆದಿಟ್ಟುಕೊಂಡೆವು.

ಆದರೆ ನಾವು ಮೊದಲು ಹಾಕಿದ ಯೋಜನೆಯಲ್ಲಿ ಕತ್ತರಿ ಬಿದ್ದದ್ದು ಹಳೇಬೀಡಿಗೇ! ಮೈಸೂರು ಎಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಅರಮನೆಯ ದೀಪಾಲಂಕಾರ. ಅದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ನಮ್ಮ ಎರಡನೆಯ ದಿನ ಭಾನುವಾರವೇ ಆದದ್ದರಿಂದ ಮೈಸೂರನ್ನು ಕೊನೆಗೆ ಇಟ್ಟೆವು. ಬಳಿಕ ಕರಿಹಲಗೆಯ ಮೇಲೆ ವೇಳಾಪಟ್ಟಿ ಬರೆಯುತ್ತ ಹೋದೆವು. ಬೆಳಿಗ್ಗೆ ಹಾಸನದಿಂದ ಹೊರಟು ಬೇಲೂರು, ಅಲ್ಲಿಂದ 16 ಕಿಲೋಮೀಟರ್ ಹಳೇಬೀಡು. ಸಂಜೆ 5ಕ್ಕೆ ಮೈಸೂರು ಸೇರಬೇಕಾದರೆ ಹಳೇಬೀಡನ್ನು ಮಧ್ಯಾಹ್ನ 12ಕ್ಕೇ ಬಿಡಬೇಕು. ನಡುವೆ ಊಟವೂ ಆಗಬೇಕು. ಅಲ್ಲಿಗೆ ಹಳೇಬೀಡಿಗೆ ಉಳಿದದ್ದು ಮುಕ್ಕಾಲು ಗಂಟೆ. ಅರಮನೆಯ ಬಾಗಿಲು ಸಂಜೆ 5.30ಕ್ಕೆ ಮುಚ್ಚುವುದರಿಂದ ಒಳಗೆ ಹೋಗುವಂತೆಯೂ ಇಲ್ಲ. ದೀಪ ಹತ್ತುವ ತನಕ ಹೊರಗೆ ಕಾಯಬೇಕು. ದೀಪ ನೋಡಿ ಎಂಟು ಗಂಟೆಗೆ ಹೊರಟರೆ ಮತ್ತಿಗಿರಿ ಸೇರುವುದು ನಡುರಾತ್ರಿ ದಾಟಿದ ಮೇಲೆ. ಚಾಲಕರ ಕೆಲಸದ ವೇಳೆ ದಿನಕ್ಕೆ 8 ಗಂಟೆ ಮೀರಬಾರದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಹೇಳುತ್ತಿತ್ತು. ನಮ್ಮ ಪಟ್ಟಿ ಅದನ್ನೂ ಮೀರುತ್ತಿತ್ತು. ಕರಿಹಲಗೆಯ ಮುಂದೆ ನಿಂತು ನಾವೇ ಮುಖ ಮುಖ ನೋಡಿಕೊಂಡೆವು.

'ಅರ್ಧ ದಿನ' ಎಂಬ ಮಾತು ಬಹಳ ಮೋಸದ್ದು. ಐವತ್ತು ಮಕ್ಕಳ ಗುಂಪಿಗೆ ನಗರದಲ್ಲಿ ಅರ್ಧ ದಿನವೆಂದರೆ ಊರ ಹೊರಗಿನಿಂದ ಒಳಗೆ ಬರಲು ಅರ್ಧ ಗಂಟೆ, ಬಸ್ಸು ನಿಲ್ಲಿಸಲು ಜಾಗ ಹುಡುಕುವುದು, ಶೌಚಾಲಯದ ಸಾಲು, ಟಿಕೆಟ್ಟಿನ ಸಾಲು, ಪಾದರಕ್ಷೆ ಬಿಡುವ ಸಾಲು, ತಲೆ ಎಣಿಕೆ, ಎಣಿಕೆಯಲ್ಲಿ ಒಬ್ಬ ಕಡಿಮೆಯಾಗಿ ಮತ್ತೆ ಎಣಿಕೆ, ಕೊನೆಗೆ ಊರಿನಿಂದ ಹೊರಗೆ ಬರಲು ಇನ್ನರ್ಧ ಗಂಟೆ. ನಾಲ್ಕು ಗಂಟೆ ಎಂದುಕೊಂಡದ್ದರಲ್ಲಿ ಕಣ್ಣಿಗೆ ದಕ್ಕುವುದು ಎರಡು ಗಂಟೆ ಮಾತ್ರ. ಆ ಎರಡು ಗಂಟೆಗೆ ತಕ್ಕುದಾದ ಒಂದೇ ಒಂದು ಗುರಿ ಇದ್ದರೆ ನಿಲ್ಲಬೇಕು. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಬೃಂದಾವನ ಎಲ್ಲವೂ ಬೇಕೆನ್ನುವವರು ನಿಲ್ಲದಿರುವುದೇ ಲೇಸು. ಸೋಮನಾಥಪುರವೂ ಮೈಸೂರಿನಿಂದ 35 ಕಿಲೋಮೀಟರ್ ತಾನೇ ಎಂದು ನಮ್ಮ ಚರಿತ್ರೆಯ ಮೇಷ್ಟ್ರು ಆಸೆಪಟ್ಟರು. ಅವರ ಆಸೆಗೂ ಕಡಿವಾಣ ಹಾಕಬೇಕಾಯಿತು.

ಬೆಂಗಳೂರಿನಲ್ಲಿ ನಿಲ್ಲಬೇಕೆಂಬ ಸಲಹೆಯೂ ಬಂದಿತ್ತು. ಅದನ್ನು ಐದೇ ನಿಮಿಷದಲ್ಲಿ ಬಿಟ್ಟೆವು. ಹೊಸೂರಿನಿಂದ 40 ಕಿಲೋಮೀಟರ್ ದೂರದ ಬೆಂಗಳೂರಿಗೆ ನಮ್ಮವರು ಹೂ ಮಾರಲು, ಕೆಲಸಕ್ಕೆ, ಆಸ್ಪತ್ರೆಗೆ ಹೋಗಿ ಬರುತ್ತಲೇ ಇರುತ್ತಾರೆ. ಬೇರೊಂದು ಭಾನುವಾರ ಬಸ್ಸು ಹತ್ತಿ ನೋಡಬಹುದಾದುದಕ್ಕೆ ದೂರದ ಪ್ರವಾಸದ ವೇಳೆಯನ್ನು ಖರ್ಚು ಮಾಡುವುದು ಜಾಣತನವಲ್ಲ.

ಇದೇ ಸಮಯಕ್ಕೆ ಒಂದು ಸ್ವಾರಸ್ಯದ ಸಂಗತಿ ನಡೆಯಿತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮಗನನ್ನು ನೋಡಲು ಐರ್ಲೆಂಡಿನ ಡಬ್ಲಿನ್ನಿಗೆ ಹೋಗುವವರಿದ್ದರು. ಹೇಗೂ ಅಷ್ಟು ದೂರ ಹೋಗುತ್ತಿದ್ದೇವೆ, ಹೋಗುವಾಗ ಲಂಡನ್ನಿನಲ್ಲಿ ಎರಡು ದಿನ ಇಳಿಯೋಣವೇ, ಪ್ಯಾರಿಸ್ ನೋಡೋಣವೇ ಎಂದು ಅವರ ಮನೆಯಲ್ಲಿಯೂ ಇದೇ ಚರ್ಚೆ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಐರ್ಲೆಂಡು ಯುರೋಪಿನ ಷೆಂಗನ್ ಒಪ್ಪಂದದಲ್ಲಿಲ್ಲ. ಪ್ಯಾರಿಸ್ಸಿಗೆ ಬೇರೆಯೇ ವೀಸಾ ಬೇಕು. ಲಂಡನ್ನಿಗೆ ಮಾತ್ರ ಒಂದು ಅನುಕೂಲವಿದೆ. ಭಾರತೀಯರಿಗೆ ಎರಡೂ ದೇಶಗಳಲ್ಲಿ ಸಲ್ಲುವ ಮುದ್ರೆಯೊಡನೆ ಐರಿಷ್ ವೀಸಾ ದೊರೆತರೆ ಅದರ ಮೇಲೆಯೇ ಲಂಡನ್ನಿಗೂ ಹೋಗಬಹುದು. ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಹೋಗಬೇಕು. ಹೋಗುವಾಗ ಲಂಡನ್ ಇಲ್ಲ, ಬರುವಾಗ ಉಂಟು. ಅವರು ಇದನ್ನು ಹೇಳಿ ಹೋದ ಮೇಲೆ ನಮ್ಮಲ್ಲೊಬ್ಬರು, "ನಾವು ಮೈಸೂರನ್ನು ಕೊನೆಗೇ ಏಕೆ ಇಟ್ಟುಕೊಂಡು ಕೂತಿದ್ದೇವೆ?" ಎಂದರು.

ನಿಜ ಹೇಳಬೇಕೆಂದರೆ ಅದೇ ಮಾತನ್ನು ಬಸ್ಸಿನ ಚಾಲಕರು ಬಾಡಿಗೆ ಮಾತನಾಡಲು ಬಂದ ದಿನವೇ ಹೇಳಿದ್ದರು. "ಮೊದಲ ದಿನ ನಸುಕಿನಲ್ಲೇ ಬೆಂಗಳೂರು ದಾಟಿಬಿಟ್ಟರೆ ಮೈಸೂರಿಗೆ ತಿಂಡಿ ಹೊತ್ತಿಗೆ ಇರ್ತೀವಿ ಸಾರ್" ಎಂದಿದ್ದರು. ನಮಗೆ ಆಗ ದೀಪದ ಧ್ಯಾನ, ಕಿವಿಗೆ ಬೀಳಲಿಲ್ಲ. ಮತ್ತೆ ಕರಿಹಲಗೆ ಒರೆಸಿ ಬರೆದೆವು. ಶನಿವಾರ ನಸುಕಿನ 4ಕ್ಕೆ ಹೊರಡುವುದು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ಹೆದ್ದಾರಿ ಹಿಡಿದು ಎಂಟೂವರೆಗೆ ಮೈಸೂರು. ಅರಮನೆ ಹತ್ತಕ್ಕೆ ತೆರೆಯುತ್ತದೆ. ಹನ್ನೆರಡೂಕಾಲಿಗೆ ಹೊರಟು ಎರಡೂಕಾಲಿಗೆ ಬೆಳಗೊಳ. ರಾತ್ರಿ ಹಾಸನದಲ್ಲಿ ತಂಗಿ, ಭಾನುವಾರ ಬೇಲೂರು, ಹಳೇಬೀಡು ಮುಗಿಸಿ ನೇರವಾಗಿ ಮನೆಗೆ. ಹಳೇಬೀಡಿಗೆ ಪೂರ್ತಿ ಎರಡು ಗಂಟೆ ಸಿಕ್ಕಿತು. ಎರಡು ದಿನವೂ ಬಸ್ಸು ಓಡುವ ವೇಳೆ 8 ಗಂಟೆಯೊಳಗೆ ಬಂದಿತು. ಕಳೆದುಹೋದದ್ದು ದೀಪ.

ಎಂಟೂವರೆಯಿಂದ ಹತ್ತರವರೆಗೆ ಉಳಿದ ಒಂದೂವರೆ ಗಂಟೆಯನ್ನು ಏನು ಮಾಡುವುದು? ಇಲ್ಲಿ ಮುಖ್ಯೋಪಾಧ್ಯಾಯರು ಒಂದು ಸಲಹೆ ಕೊಟ್ಟರು: ಮಕ್ಕಳಿಗೆ ಮಾನಸಗಂಗೋತ್ರಿಯನ್ನು ತೋರಿಸಿ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದದ್ದು. ಅದರ ಆವರಣಕ್ಕೆ ಆ ಹೆಸರಿಟ್ಟವರು ಕುಲಪತಿಗಳಾಗಿದ್ದ ಕುವೆಂಪು. ಅಲ್ಲಿಯೇ 1963ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದೆ. ಅದು ಕರ್ನಾಟಕದವರಿಗೆ ಮಾತ್ರವಲ್ಲ. ತಮಿಳುನಾಡೂ ಸೇರಿದಂತೆ ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ್ದು. 12ನೆಯ ತರಗತಿಯ ನಂತರ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದಲ್ಲಿ ಪದವಿ ಮತ್ತು ಶಿಕ್ಷಕ ತರಬೇತಿ ಎರಡನ್ನೂ ಒಟ್ಟಿಗೆ ಮುಗಿಸಬಹುದು. ಗಡಿಯ ಈಚೆಗೆ ಕನ್ನಡದಲ್ಲಿ ಓದುವ ಮಕ್ಕಳ ಮನೆಯಲ್ಲಿ 'ಮುಂದೇನು?' ಎಂಬ ಚಿಂತೆ ಯಾವಾಗಲೂ ಇದ್ದದ್ದೇ. ಅಂಥ ಒಂದು ಬಾಗಿಲು ಇದೆಯೆಂಬುದು ಅವರ ಕಣ್ಣಿಗೆ ಬೀಳಲಿ ಎಂಬುದು ಅವರ ಅಭಿಪ್ರಾಯ. ನಗರದಲ್ಲಿ ನಿಲ್ಲಲು ನಮಗೆ ದೊರೆತ ಅತ್ಯಂತ ಗಟ್ಟಿಯಾದ ಕಾರಣ ಅರಮನೆಯಲ್ಲ, ಇದು.

ಇನ್ನು ಹಣದ ಮಾತು. ಹೆಚ್ಚಿನ ದೂರದ ಬಾಡಿಗೆ, ಹೆದ್ದಾರಿಯ ಸುಂಕ, ಅರಮನೆಯ ಟಿಕೆಟ್ಟು ಎಲ್ಲ ಕೂಡಿ ಮೈಸೂರಿಗಾಗಿ ತಲೆಗೆ 160 ರೂಪಾಯಿ ಹೆಚ್ಚಾಯಿತು. ಪೋಷಕರ ಸಭೆಯಲ್ಲಿ ಹೇಳಿದಾಗ ಯಾರೂ ಎದುರಾಡಲಿಲ್ಲ. ಸುಮ್ಮನಿದ್ದವರೆಲ್ಲ ಒಪ್ಪಿದರೆಂದು ತಿಳಿದದ್ದು ನಮ್ಮ ತಪ್ಪು. ಮರುವಾರ ಮೂವರು ಮಕ್ಕಳು ಹೆಸರು ಹಿಂತೆಗೆದುಕೊಂಡರು. ಇಬ್ಬರಿಗೆ ನಾವು ಉಪಾಧ್ಯಾಯರೇ ಸೇರಿ ಹೊಂದಿಸಿದೆವು. ಮೂರನೆಯವನು ಹತ್ತನೆಯ ತರಗತಿಯವನು. ತಾಯಿ ಗುಲಾಬಿ ತೋಟದಲ್ಲಿ ಕೂಲಿಗೆ ಹೋಗುವವರು. ಅವರ ಮನೆಗೆ ಹೋದೆವು. "ಬೇಡಿ ಸಾರ್, ಮೊದಲು ಹೇಳಿದಷ್ಟು ದುಡ್ಡು ಕಟ್ಟಿಟ್ಟಿದ್ದೆ. ಆಮೇಲೆ ಜಾಸ್ತಿ ಅಂದ್ರಿ. ಬೇರೆಯವರ ದುಡ್ಡಲ್ಲಿ ಹೋಗೋದು ಅವನಿಗೂ ಇಷ್ಟ ಇಲ್ಲ" ಎಂದರು. ಎಷ್ಟು ಹೇಳಿದರೂ ಒಪ್ಪಲಿಲ್ಲ. ಐವತ್ತು ಮಂದಿಗೆ ಮೈಸೂರನ್ನು ಕೂಡಿಸಿದ ನಾವು ಒಬ್ಬನಿಗೆ ಬೇಲೂರು, ಹಳೇಬೀಡುಗಳನ್ನೂ ಕಳೆದಿದ್ದೆವು. ಊರಿನ ಹೆಸರು ಸೇರಿಸುವುದಿದ್ದರೆ ಮೊದಲ ರೂಪಾಯಿ ಕೇಳುವ ಮುನ್ನ ಸೇರಿಸಬೇಕು. ಕೈ ಎತ್ತಿಸಿ ಅಲ್ಲ, ಚೀಟಿಯಲ್ಲಿ ಬರೆಸಿ ಕೇಳಬೇಕು. ಮುಂದಿನ ವರ್ಷದಿಂದ ಹಾಗೆಯೇ ಮಾಡುವುದೆಂದು ಸಮಿತಿಯ ಪುಸ್ತಕದಲ್ಲಿ ದಾಖಲಿಸಿದ್ದೇವೆ. ಆದರೆ ಆ ಹುಡುಗ ಮುಂದಿನ ವರ್ಷ ನಮ್ಮ ಶಾಲೆಯಲ್ಲಿರುವುದಿಲ್ಲ.

ಪ್ರವಾಸ ಹೇಗಾಯಿತೆಂದು ಕೇಳುವಿರಾ? ಹೊರಡುವುದು ಇಪ್ಪತ್ತು ನಿಮಿಷ ತಡವಾಯಿತು. ಮನೆಯಿಂದ ತಂದ ಚಿತ್ರಾನ್ನವನ್ನು ಮೈಸೂರಿನಲ್ಲಿ ಮರದ ನೆರಳಿನಲ್ಲಿ ಕುಳಿತು ತಿಂದೆವು. ಶಿಕ್ಷಣ ಸಂಸ್ಥೆಗೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಲು ನಾವು ಮರೆತಿದ್ದರಿಂದ ಗೇಟಿನ ಹೊರಗೇ ನಿಂತು ವಿವರಿಸಬೇಕಾಯಿತು. ಮಕ್ಕಳು ಅರ್ಧ ಕಿವಿಯಲ್ಲಿ ಕೇಳಿದರು. ಅರಮನೆಯಲ್ಲಿ ಹಾಗಲ್ಲ. 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಮರದ ಹಳೆಯ ಅರಮನೆ ಸುಟ್ಟುಹೋಯಿತು, ಈಗಿನದು 1912ರಲ್ಲಿ ಮುಗಿಯಿತು ಎಂದಾಗ "ಸುಟ್ಟದ್ದು ಹೇಗೆ ಸಾರ್?" ಎಂದು ಮುತ್ತಿಕೊಂಡರು. ಪಾದರಕ್ಷೆಯ ಸಾಲಿನಿಂದಾಗಿ ಹೊರಡುವಾಗ ಒಂದು ಗಂಟೆಗೆ ಹತ್ತೇ ನಿಮಿಷ ಕಡಿಮೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬಿಸಿಲು ಕುಡಿದ ಬಂಡೆಯ ಮೇಲೆ ಬರಿಗಾಲಿನಲ್ಲಿ ಹತ್ತಬೇಕಾಯಿತು. ಬೆಳಗೊಳಕ್ಕೆ ಬೆಳಿಗ್ಗೆಯೇ ತಕ್ಕ ಹೊತ್ತು. ಅದು ಮೈಸೂರಿಗಾಗಿ ನಾವು ತೆತ್ತ ಬೆಲೆ.

ಭಾನುವಾರ ಹಳೇಬೀಡಿನಲ್ಲಿ ಅವಸರವಿರಲಿಲ್ಲ. ಹೊರಗೋಡೆಯ ಆನೆಗಳ ಸಾಲಿನಿಂದ ಹಿಡಿದು ಒಂದೊಂದೇ ಪಟ್ಟಿಕೆ ನೋಡುತ್ತ ಸುತ್ತಿದೆವು. ಅಣ್ಣತಮ್ಮಂದಿರ ರಾಜ್ಯ ಹಂಚಿಹೋದ ಕಥೆ ಹೇಳುತ್ತ ಕುಂದಾಣಿಯ ಹೆಸರೆತ್ತಿದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ, "ಸಾರ್, ಅದು ನಮ್ಮಜ್ಜಿ ಊರ ಪಕ್ಕ!" ಎಂದು ಕೂಗಿದ. ಆಮೇಲೆ ಅವನದೇ ವಿವರಣೆ, ನಾವು ಕೇಳುಗರು.

ಎಲ್ಲರೂ ಒಪ್ಪಿದ್ದಾರೆಂದು ಮಾತ್ರ ತಿಳಿಯಬೇಡಿ. ದೀಪ ನೋಡದ ಮೈಸೂರು ಮೈಸೂರೇ ಅಲ್ಲವೆಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇಂದಿಗೂ ನಮ್ಮೊಡನೆ ಜಗಳವಾಡುತ್ತಾಳೆ. ವೇಳಾಪಟ್ಟಿಯನ್ನು ಎರಡು ಸಲ ಬರೆದು ತೋರಿಸಿದರೂ ಆಕೆ ಸಮಾಧಾನಗೊಂಡಿಲ್ಲ.