ನ್ಯಾಯ ಕೊಟ್ಟವಳಿಗೆ ಆಸರೆ ಯಾರು?

ಸಹೋದರಿಯರೇ, ಗಂಡನ ಹಿಂಸೆ ತಾಳಲಾರದೆ ಕೋರ್ಟಿನ ಮೆಟ್ಟಿಲೇರಿದ ಹೆಣ್ಣಿಗೆ ವಕೀಲರು, ನ್ಯಾಯಾಧೀಶರೇ ಆಸರೆ. ಆದರೆ ಆ ನ್ಯಾಯಾಧೀಶೆಯ ಪ್ರಾಣಕ್ಕೇ ಕುತ್ತು ಬಂದರೆ ಅವಳ ಬೆನ್ನಿಗೆ ಯಾರಿದ್ದಾರೆ? ಎಂದಾದರೂ ಯೋಚಿಸಿದ್ದೀರಾ?

ಅಫ್ಘಾನಿಸ್ತಾನದಲ್ಲಿ ಇನ್ನೂರಕ್ಕೂ ಹೆಚ್ಚು ಮಹಿಳಾ ನ್ಯಾಯಾಧೀಶರಿದ್ದರು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಕೆಲಸಕ್ಕೆ ಹೊರಟಿದ್ದ ಇಬ್ಬರನ್ನು ಕಾಬೂಲಿನ ಬೀದಿಯಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರ ಹಿಡಿದಾಗ ಜೈಲಿನ ಬಾಗಿಲುಗಳು ತೆರೆದವು. ಶಿಕ್ಷೆಗೊಳಗಾಗಿದ್ದವರು ಶಿಕ್ಷೆ ಕೊಟ್ಟವರನ್ನೇ ಹುಡುಕತೊಡಗಿದರು. ನ್ಯಾಯಾಧೀಶೆಯರು ಮಕ್ಕಳನ್ನು ಕಟ್ಟಿಕೊಂಡು ಮನೆಯಿಂದ ಮನೆಗೆ ಅಡಗಬೇಕಾಯಿತು.

ಆಗ ಕೈಹಿಡಿದವರಲ್ಲಿ ಇಂಟರ್‌ನ್ಯಾಷನಲ್ ಬಾರ್ ಅಸೋಸಿಯೇಷನ್ ಕೂಡ ಒಂದು. 1947ರಲ್ಲಿ ಸ್ಥಾಪನೆಯಾದ ಇದು ನಾನಾ ದೇಶಗಳ ವಕೀಲರನ್ನೂ ವಕೀಲರ ಸಂಘಗಳನ್ನೂ ಒಂದುಗೂಡಿಸಿದ ಸಂಸ್ಥೆ. ಕಚೇರಿ ಲಂಡನ್ನಿನಲ್ಲಿ. 2008ರಲ್ಲಿ ಅಫ್ಘಾನಿಸ್ತಾನದ ಸ್ವತಂತ್ರ ವಕೀಲರ ಸಂಘ ಕಟ್ಟಲು ನೆರವಾದದ್ದೂ ಇದೇ. ಇದರ ಮಾನವ ಹಕ್ಕು ವಿಭಾಗದ ನಿರ್ದೇಶಕಿಯಾಗಿದ್ದ ಹೆಲೆನಾ ಕೆನಡಿ ದಾನಿಗಳಿಂದ ಹಣ ಕೂಡಿಸಿ, ವಿಮಾನ ಗೊತ್ತುಮಾಡಿದರು. 103 ಮಹಿಳೆಯರು ಕುಟುಂಬ ಸಮೇತ ಗ್ರೀಸ್ ತಲುಪಿದರು. ಅವರಲ್ಲಿ ಹೆಚ್ಚಿನವರು ನ್ಯಾಯಾಧೀಶೆಯರು, ವಕೀಲೆಯರು.

ಎಲ್ಲರೂ ಪಾರಾಗಲಿಲ್ಲ. ಅದೇ ನವೆಂಬರ್‌ನಲ್ಲಿ ಆ ವಕೀಲರ ಸಂಘವೂ ತಾಲಿಬಾನಿನ ನ್ಯಾಯ ಸಚಿವಾಲಯದ ವಶವಾಯಿತು. ಪಾರಾದವರಿಗೂ ಬದುಕು ಸುಲಭವಿಲ್ಲ. ತಾಯ್ನಾಡಿನಲ್ಲಿ ಕಲಿತ ಕಾನೂನು ಪರದೇಶದ ಕೋರ್ಟಿನಲ್ಲಿ ನಡೆಯುವುದಿಲ್ಲ. ಭಾಷೆಯಿಂದಲೇ ಮತ್ತೆ ಆರಂಭಿಸಬೇಕು.

ವಕೀಲರ ಸಂಘವೆಂದರೆ ಕರಿಕೋಟಿನವರ ಕೂಟವೆಂದಷ್ಟೇ ತಿಳಿಯಬೇಡಿ. ನಿರ್ಭಯವಾಗಿ ತೀರ್ಪು ಕೊಡುವವರು ಉಳಿದರೆ ಮಾತ್ರ ನೊಂದ ಹೆಣ್ಣಿಗೆ ಕೋರ್ಟಿನ ಬಾಗಿಲು ತೆರೆದಿರುತ್ತದೆ. ಅವರನ್ನು ಉಳಿಸುವುದು ನಮ್ಮನ್ನೇ ಉಳಿಸಿಕೊಂಡಂತೆ, ಅಲ್ಲವೇ?