ಕುಡಿತದ ಜೊತೆಗೆ ಮನಸ್ಸನ್ನೂ ವಿಚಾರಿಸಿ

ಮುಂಬೈ ಬಳಿಯ ಕಲ್ಯಾಣದಿಂದ ಕರ್ಜತ್ ಕಡೆಗೆ ಹೊರಟ ಲೋಕಲ್ ರೈಲಿಗೆ ಸಿಗುವ ಮೊದಲ ನಿಲ್ದಾಣ ವಿಠ್ಠಲವಾಡಿ. ಠಾಣೆ, ಡೊಂಬಿವಲಿ, ಕಲ್ಯಾಣದ ಈ ಸಾಲಿನಲ್ಲಿ ಹೋಟೆಲು, ಕಾರ್ಖಾನೆಗಳನ್ನು ನಂಬಿ ಬಂದ ಕನ್ನಡಿಗರ, ತುಳುವರ ಮನೆಗಳು ಬೇಕಾದಷ್ಟಿವೆ. ಮನೆಯ ಗಂಡಸು ಕುಡಿತಕ್ಕೆ ಬಿದ್ದರೆ ಹೆಂಗಸರು ಹೇಳುವ ಮಾತೊಂದಿದೆ: ‘ಅದೊಂದು ಬಿಟ್ಟರೆ ಚಿನ್ನದಂಥ ಮನುಷ್ಯ.’

ಅವನು ರಾತ್ರಿ ನಿದ್ದೆ ಮಾಡುತ್ತಿದ್ದನೇ? ಕುಡಿತಕ್ಕೂ ಮೊದಲೇ ಮಂಕಾಗಿದ್ದನೇ? ಇದನ್ನು ಕೇಳುವವರು ಕಡಿಮೆ. ಮನಸ್ಸಿನ ಸಂಕಟಕ್ಕೆ ತಾನೇ ಮದ್ದು ಹುಡುಕಿಕೊಂಡು ಹಲವರು ಚಟಕ್ಕೆ ಬೀಳುತ್ತಾರೆಂದು ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲೇ ವಾದಿಸಿದ್ದರು. ಎಲ್ಲರ ಕಥೆಯೂ ಹಾಗಲ್ಲ. ಎಷ್ಟೋ ಜನರಲ್ಲಿ ಕುಡಿತವೇ ನಿದ್ದೆ ಕೆಡಿಸಿ, ಖಿನ್ನತೆ ತರುತ್ತದೆ. ಯಾವುದು ಮೊದಲು ಬಂತೆಂದು ತಿಳಿಯಲು ಕುಡಿತ ನಿಂತ ಮೇಲೂ ಕೆಲವು ವಾರ ವೈದ್ಯರು ಗಮನಿಸಬೇಕಾಗುತ್ತದೆ. ಕುಡಿತ ಬಿಡಿಸಿ ಖಿನ್ನತೆಯನ್ನು ಹಾಗೇ ಉಳಿಸಿದರೆ, ಅವನು ಮತ್ತೆ ಬಾಟಲಿ ಹಿಡಿಯುವ ಸಂಭವ ಹೆಚ್ಚು.

ಇನ್ನೊಂದು ತಪ್ಪು ಜೀವಕ್ಕೇ ಎರವಾಗಬಲ್ಲದು. ವರ್ಷಗಟ್ಟಲೆ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಿದರೆ, ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಆಮೇಲೆ ಕೈಕಾಲು ನಡುಗಿ, ಇಲ್ಲದ್ದು ಕಣ್ಣಿಗೆ ಕಂಡು, ದಿಕ್ಕುತಪ್ಪಿದವನಂತೆ ಬಡಬಡಿಸಬಹುದು. ದೆವ್ವ ಮೆಟ್ಟಿತೆಂದು ಮಂತ್ರ ಹಾಕಿಸುತ್ತ ಕೂರುವ ಹೊತ್ತಲ್ಲ ಅದು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಇದು ನನ್ನನ್ನು ಕಂಗೆಡಿಸುವ ಅಂಕಿ. ಠಾಣೆಯ ಪ್ರಾದೇಶಿಕ ಮನೋರೋಗ ಆಸ್ಪತ್ರೆ 1901ರಿಂದ ಇದೆ. ವಿಠ್ಠಲವಾಡಿಯಿಂದ ಲೋಕಲ್ ಹತ್ತಿದರೆ ತಲುಪಬಹುದು. ಆದರೆ ‘ಠಾಣೆಗೆ ಕಳಿಸಬೇಕು ಇವನನ್ನು’ ಎನ್ನುವ ಹೀಯಾಳಿಕೆ ಎಷ್ಟು ಹಬ್ಬಿದೆಯೆಂದರೆ, ಆ ಗೇಟಿನೊಳಗೆ ಕಾಲಿಡಲು ಮನೆಯವರೇ ನಾಚುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಾದರೋ, ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಯನ್ನೂ ಕಾಯಿಲೆಯೆಂದೇ ಒಪ್ಪಿದೆ. ಕಾನೂನು ಒಪ್ಪಿದ್ದನ್ನು ನೆಂಟರಿಷ್ಟರು ಒಪ್ಪಲು ಇನ್ನೆಷ್ಟು ಕಾಲ ಬೇಕು?

ವೈದ್ಯರ ಬಳಿ ಹೋದಾಗ ಎಷ್ಟು ಕುಡಿಯುತ್ತಾರೆ ಎಂಬುದರ ಜೊತೆಗೆ ನಿದ್ದೆ, ಭಯ, ಸಾಯುವ ಮಾತು ಎಲ್ಲವನ್ನೂ ಹೇಳಿ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಕೆಯಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.