ಪಣಜಿಯ ಪತ್ರಾಗಾರದಲ್ಲಿ ಹಳ್ಳಿಗರ ಲೆಕ್ಕಪತ್ರ

ಗೋವಾದ ರಾಜಧಾನಿ ಪಣಜಿಯಲ್ಲಿರುವ ರಾಜ್ಯ ಪತ್ರಾಗಾರ ಏಷ್ಯಾದ ಹಳೆಯ ದಾಖಲೆ ಭಂಡಾರಗಳಲ್ಲಿ ಒಂದು. 1595ರಲ್ಲಿ ಪೋರ್ಚುಗಲ್ ದೊರೆಯ ಅಪ್ಪಣೆಯಂತೆ ಇದು ಆರಂಭವಾಯಿತು. ಚರಿತ್ರಕಾರ ದಿಯೋಗೊ ದೊ ಕೊತೊ ಇದರ ಮೊದಲ ಪಾಲಕ. ಲಿಸ್ಬನ್ನಿನ ದಾಖಲೆ ಭಂಡಾರಕ್ಕಿದ್ದ ‘ತೊರ್ರೆ ದೊ ತೊಂಬೊ’ ಎಂಬ ಹೆಸರನ್ನೇ ಇದಕ್ಕೂ ಇಟ್ಟರು.

ಇಲ್ಲಿನ ಸಂಪುಟಗಳಲ್ಲಿ ಹೆಚ್ಚು ಪ್ರಸಿದ್ಧವಾದವು ‘ಮಳೆಗಾಲದ ಪುಸ್ತಕಗಳು’. ಲಿಸ್ಬನ್ನಿನಿಂದ ಮಾರ್ಚ್ ಹೊತ್ತಿಗೆ ಹೊರಟ ಹಡಗುಗಳು ಮಾನ್ಸೂನ್ ಗಾಳಿಯನ್ನು ಹಿಡಿದು ಗೋವಾ ತಲುಪುತ್ತಿದ್ದವು. ವರ್ಷಕ್ಕೊಮ್ಮೆ ಹೀಗೆ ಬಂದ ರಾಜಪತ್ರಗಳನ್ನೂ ಅವುಗಳಿಗೆ ಬರೆದ ಉತ್ತರಗಳನ್ನೂ ಒಟ್ಟಿಗೆ ಹೊಲಿದು ಕಟ್ಟಿಡುತ್ತಿದ್ದರು. ಹಡಗು ಮುಳುಗಿದರೂ ಸುದ್ದಿ ಮುಟ್ಟಲೆಂದು ಒಂದೇ ಪತ್ರದ ಎರಡು ಮೂರು ಪ್ರತಿಗಳನ್ನು ಬೇರೆ ಬೇರೆ ಹಡಗಿನಲ್ಲಿ ಕಳಿಸುವ ರೂಢಿಯೂ ಇತ್ತು. ಇವು ವೈಸರಾಯರ, ದೊರೆಗಳ, ಯುದ್ಧಗಳ ಕಾಗದಗಳು. ಪತ್ರಾಗಾರದ ನಿಜವಾದ ಸಂಪತ್ತು ಇರುವುದು ಇವುಗಳಿಗಿಂತ ಕಡಿಮೆ ಮಾತಾಗುವ ಇನ್ನೊಂದು ರಾಶಿಯಲ್ಲಿ. ಅದು ಗೋವಾದ ಹಳ್ಳಿಗಳ ಲೆಕ್ಕಪತ್ರ.

ಪೋರ್ಚುಗೀಸರು 1510ರಲ್ಲಿ ಗೋವಾವನ್ನು ಹಿಡಿದಾಗ ಅಲ್ಲಿನ ಹಳ್ಳಿಗಳನ್ನು ನಡೆಸುತ್ತಿದ್ದದ್ದು ‘ಗಾಂವ್ಕಾರಿ’ ಎಂಬ ವ್ಯವಸ್ಥೆ. ಊರನ್ನು ಮೊದಲು ಕಟ್ಟಿದ ಮನೆತನಗಳವರು ಗಾಂವ್ಕಾರರು. ಭೂಮಿ ಒಬ್ಬೊಬ್ಬರದಲ್ಲ, ಎಲ್ಲರ ಒಟ್ಟು ಆಸ್ತಿ. ಗದ್ದೆಗಳನ್ನು ಹರಾಜಿನಲ್ಲಿ ಗೇಣಿಗೆ ಕೊಟ್ಟು, ಬಂದ ಹಣದಲ್ಲಿ ಕಂದಾಯ, ದೇವಸ್ಥಾನ, ಉಪ್ಪುನೀರು ತಡೆದು ಮಾಡಿದ ಖಜಾನ್ ಗದ್ದೆಯ ಒಡ್ಡು ಎಲ್ಲವನ್ನೂ ನಿಭಾಯಿಸಿ ಉಳಿದದ್ದನ್ನು ಹಂಚಿಕೊಳ್ಳುತ್ತಿದ್ದರು. ಈ ಪಾಲಿಗೆ ‘ಜೋಣ್’ ಎಂದು ಹೆಸರು. ನಿರ್ಧಾರ ಸರ್ವಾನುಮತದ್ದೇ ಆಗಬೇಕಿತ್ತು. ಲೆಕ್ಕ ಬರೆಯುವವನು ಕುಲಕರ್ಣಿ.

ಹೊಸ ಆಡಳಿತಕ್ಕೆ ಕಂದಾಯ ಬೇಕಿತ್ತು. ಅದಕ್ಕಾಗಿ ಅಧಿಕಾರಿ ಅಫೊನ್ಸೊ ಮೆಷಿಯ ಹಳ್ಳಿಗರ ಕಟ್ಟುಕಟ್ಟಳೆಗಳನ್ನು ವಿಚಾರಿಸಿ 1526ರಲ್ಲಿ ‘ಫೊರಾಲ್’ ಎಂಬ ಸನದನ್ನು ಬರೆಸಿದ. ತಿಸ್ವಾಡಿ ದ್ವೀಪದ ಎಂಟು ಮುಖ್ಯ ಹಳ್ಳಿಗಳು, ಉಳಿದವುಗಳಿಗಿದ್ದ ಸ್ಥಾನ, ಗಾಂವ್ಕಾರರ ಒಪ್ಪಿಗೆಯಿಲ್ಲದೆ ಭೂಮಿ ಮಾರಕೂಡದೆಂಬ ನಿಯಮ ಎಲ್ಲವೂ ಅದರಲ್ಲಿವೆ. ಕಂದಾಯಕ್ಕೆ ಸಂಬಂಧವೇ ಇಲ್ಲದ ಸಂಗತಿಗಳೂ ಇವೆ. ಸಭೆಯಲ್ಲಿ ವೀಳ್ಯ ಮೊದಲು ಯಾರ ಕೈಗೆ ಸಲ್ಲಬೇಕು, ಹಬ್ಬಕ್ಕೆ ಬಂದ ನರ್ತಕರು ಮೊದಲು ಯಾರ ಮನೆಯಲ್ಲಿ ಕುಣಿಯಬೇಕು ಎಂಬುದನ್ನೂ ಸನದು ಹೇಳುತ್ತದೆ. ಐನೂರು ವರ್ಷದ ಹಿಂದಿನ ಹಳ್ಳಿಯ ಮಾನಮರ್ಯಾದೆಯ ಲೆಕ್ಕ ಹೀಗೆ ಪರಕೀಯ ಗುಮಾಸ್ತನ ಕೈಬರಹದಲ್ಲಿ ಉಳಿದಿದೆ.

1560ರ ದಶಕದಲ್ಲಿ ಪೋರ್ಚುಗೀಸರು ಗೋವಾದ ಸಾಷ್ಟಿ, ಬಾರ್ದೇಶ ತಾಲೂಕುಗಳ ದೇವಸ್ಥಾನಗಳನ್ನು ಕೆಡವಿದರು. ಅವುಗಳ ಉಂಬಳಿ ಭೂಮಿಯ ಆದಾಯವನ್ನು ಬೇರೆ ಕಡೆಗೆ ತಿರುಗಿಸಲು ಪಟ್ಟಿ ಬೇಕಾಯಿತು. ಹಾಗಾಗಿ ಯಾವ ಊರಲ್ಲಿ ಯಾವ ದೇವರಿತ್ತು, ಯಾವ ಗದ್ದೆ ಯಾವ ಗುಡಿಗೆ ಸೇರಿತ್ತು, ಅರ್ಚಕ, ಕಲಾವಂತೆ, ಮಡಿವಾಳರಂಥ ಸೇವೆಯವರಿಗೆ ಯಾವ ತುಂಡು ಬಿಟ್ಟಿತ್ತು ಎಂಬುದನ್ನೆಲ್ಲ ಬರೆದುಕೊಂಡರು. ಕೆಡವಿದವರ ಈ ಪಟ್ಟಿಯೇ ಇಂದು ಎಷ್ಟೋ ಗುಡಿಗಳಿಗೆ ಉಳಿದ ಸಾಕ್ಷಿ. ಓದುವಾಗ ಮನಸ್ಸು ಕಲಕುವ ಪುಟಗಳಿವು. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ, ವೆರ್ಣೆಯ ಮಹಾಲಸೆಯರನ್ನು ಭಕ್ತರು ಆಗ ಪೋರ್ಚುಗೀಸರ ಕೈಗೆಟುಕದ ಫೋಂಡಾಕ್ಕೆ ಒಯ್ದರು. ಅದೇ ಕಾಲದಲ್ಲೂ ಮುಂದೆಯೂ ಗೋವಾ ಬಿಟ್ಟು ಕಾರವಾರ, ಕುಮಟಾ, ಮಂಗಳೂರುಗಳ ಕಡೆ ಬಂದ ಸಾರಸ್ವತ ಕುಟುಂಬಗಳು ಈ ದೇವರುಗಳನ್ನೇ ಕುಲದೇವರೆಂದು ಇಂದಿಗೂ ಪೂಜಿಸುತ್ತವೆ. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲೂ ಬಹುಮಂದಿಯ ಮೂಲ ಗೋವಾದ ಹಳ್ಳಿಗಳೇ.

ಹಳ್ಳಿಯ ದಾಖಲೆಗಳಲ್ಲಿ ಕನ್ನಡಿಗರ ಕಣ್ಣು ತಟ್ಟನೆ ನಿಲ್ಲುವುದು ಲಿಪಿಯ ಮೇಲೆ. ಕುಲಕರ್ಣಿಗಳು ಬರೆಯುತ್ತಿದ್ದದ್ದು ‘ಕಂದೆವಿ’ ಅಥವಾ ‘ಗೋಯ್‌ಕಾನಡಿ’ಯಲ್ಲಿ. ಹೆಸರೇ ಹೇಳುವಂತೆ ಇದು ಕನ್ನಡದ ವಂಶದ ಬರಹ. ಭಾಷೆ ಕೊಂಕಣಿ ಇಲ್ಲವೇ ಮರಾಠಿ, ಅಕ್ಷರ ಮಾತ್ರ ಕದಂಬರ, ವಿಜಯನಗರದ ಆಳ್ವಿಕೆಯಿಂದ ಬಂದ ಕನ್ನಡದ ಬಳುವಳಿ. ಕೊಟ್ಟು ತಂದ ಲೆಕ್ಕದ ಅವಸರದಲ್ಲಿ ಬರೆದದ್ದರಿಂದ ಅಕ್ಷರಗಳು ಮೋಡಿ ಲಿಪಿಯಂತೆ ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ಮುಂದೆ ಪೋರ್ಚುಗೀಸ್ ಭಾಷೆಯ ಒತ್ತಡ ಹೆಚ್ಚಿತು. 1684ರಲ್ಲಿ ಕೊಂಕಣಿಯ ಬಳಕೆಯ ವಿರುದ್ಧವೇ ಆಜ್ಞೆ ಹೊರಟಿತು. ಬರಬರುತ್ತ ಈ ಲಿಪಿ ಮರೆಯಾಯಿತು.

‘ನೆರೆಯ ಅರಸರ ಪುಸ್ತಕ’ಗಳು ಎಂಬ ಇನ್ನೊಂದು ಸಾಲೂ ಕರ್ನಾಟಕಕ್ಕೆ ಮುಖ್ಯ. ಸೋದೆ, ಇಕ್ಕೇರಿ, ಹೈದರಾಲಿ, ಮರಾಠರೊಡನೆ ನಡೆದ ಪತ್ರವ್ಯವಹಾರ ಅಲ್ಲಿದೆ. ಹೈದರಾಲಿ ಸೋದೆಯನ್ನು ಗೆದ್ದಾಗ ಅಲ್ಲಿನ ಅರಸು ಗೋವಾದಲ್ಲಿ ಆಶ್ರಯ ಪಡೆದದ್ದೂ ಫೋಂಡಾ ಮೊದಲಾದ ಪ್ರದೇಶ ಪೋರ್ಚುಗೀಸರ ಪಾಲಾದದ್ದೂ ಈ ಪತ್ರಗಳ ಕಾಲದ ಸಂಗತಿಗಳೇ.

ಎಲ್ಲವೂ ಉಳಿದಿಲ್ಲ. ಮಳೆಗಾಲದ ಪುಸ್ತಕಗಳಲ್ಲಿ 62 ಸಂಪುಟಗಳು 18ನೇ ಶತಮಾನದಲ್ಲಿ ಲಿಸ್ಬನ್ನಿಗೆ ಹೋದವು. ಮತ ವಿಚಾರಣಾ ನ್ಯಾಯಾಲಯವಾದ ಇನ್‌ಕ್ವಿಸಿಷನ್ 1812ರಲ್ಲಿ ರದ್ದಾದ ಬಳಿಕ ಅದರ ಕಡತಗಳಲ್ಲಿ ಹೆಚ್ಚಿನವನ್ನು ಸುಟ್ಟರು. ಅಲ್ಲಿ ವಿಚಾರಣೆಗೆ ಒಳಗಾದ ಹಳ್ಳಿಗರ ಅಳಲು ಅವುಗಳೊಂದಿಗೇ ಹೋಯಿತು. ಉಳಿದದ್ದಕ್ಕೆ ಕರಾವಳಿಯ ಥಂಡಿ, ಗೆದ್ದಲು ಮತ್ತು ಕಬ್ಬಿಣದ ಅಂಶದ ಶಾಯಿ ಮೂರೂ ಶತ್ರುಗಳು. ಶಾಯಿ ಕಾಗದವನ್ನು ಒಳಗಿಂದೊಳಗೇ ತಿಂದು, ಅಕ್ಷರವಿದ್ದ ಜಾಗದಲ್ಲಿ ಅಕ್ಷರದ ಆಕಾರದ ತೂತನ್ನೇ ಉಳಿಸುತ್ತದೆ.

ಉಳಿದದ್ದನ್ನು ಲೋಕಕ್ಕೆ ತೋರಿಸಿದವರೂ ಇದ್ದಾರೆ. ಫಿಲಿಪೆ ನೆರಿ ಶವಿಯೆರ್ 1852ರಲ್ಲಿ ಗಾಂವ್ಕಾರಿಗಳ ಚರಿತ್ರೆಯನ್ನು ಪ್ರಕಟಿಸಿದರು. ಕುನ್ಯ ರಿವಾರ 1857ರಿಂದ ದಾಖಲೆಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದರು. ಮೂರು ದಶಕ ಪತ್ರಾಗಾರವನ್ನು ನೋಡಿಕೊಂಡ ಪಾಂಡುರಂಗ ಪಿಸುರ್ಲೇಕರರು 1955ರಲ್ಲಿ ಇಡೀ ಭಂಡಾರಕ್ಕೆ ಕೈಪಿಡಿ ಬರೆದುಕೊಟ್ಟರು. ಸಂಶೋಧಕರಿಗೆ ಅದು ಈಗಲೂ ದಾರಿದೀಪ.

ಪೋರ್ಚುಗೀಸ್ ಬಲ್ಲ ವಿದ್ವಾಂಸರು ಇಲ್ಲಿಗೆ ಬರುತ್ತಲೇ ಇದ್ದಾರೆ. ಕಂದೆವಿ ಓದಬಲ್ಲವರು ಮಾತ್ರ ತೀರ ವಿರಳ. ಹಳ್ಳಿಗರು ತಮ್ಮ ಕೈಯಾರೆ ಬರೆದುಕೊಂಡ ಭಾಗ ಆ ಲಿಪಿಯಲ್ಲಿದೆ. ಶಾಸನ ಮತ್ತು ಹಸ್ತಪ್ರತಿಗಳ ಓದನ್ನು ಕಲಿಸುವ ಕರ್ನಾಟಕದ ವಿಶ್ವವಿದ್ಯಾಲಯಗಳು ನಾಲ್ಕಾರು ವಿದ್ಯಾರ್ಥಿಗಳನ್ನಾದರೂ ಈ ಲಿಪಿಗೆ ತಯಾರು ಮಾಡಿ, ಕಾಗದ ಗಟ್ಟಿಯಾಗಿರುವಾಗಲೇ ಪಣಜಿಗೆ ಕಳಿಸಬೇಕು.